ಕಾಲ್‌ನಲ್ಲಿ ದನಿ ಡಬ್ಬಿಯೊಳಗಿಂದ ಬಂದಂತೆ ಯಾಕೆ? ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ

ಹೊಸ ಫೋನು, 5ಜಿ ಸಿಮ್ಮು, ಟವರ್ ಮನೆ ಎದುರಿಗೇ ಇದೆ. ಆದರೂ ಅಮ್ಮನ ದನಿ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅದೇ ವಾಟ್ಸಾಪ್‌ನಲ್ಲಿ ಮಾಡಿದರೆ ಪಕ್ಕದಲ್ಲೇ ಕೂತು ಮಾತಾಡಿದಂತೆ. ಇದು ಯಾಕೆ ಅಂತ ಕೇಳುವವರು ತುಂಬಾ ಜನ. ಒಬ್ಬೊಬ್ಬರಿಗೂ ಅದೇ ಉತ್ತರ ಬರೆದು ಸಾಕಾಗಿದೆ, ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಇಷ್ಟು: ಹೆಚ್ಚಿನ ಸಲ ತಪ್ಪು ಫೋನಿನದ್ದೂ ಅಲ್ಲ, ಸಿಗ್ನಲ್‌ದೂ ಅಲ್ಲ. ನಿಮ್ಮ ದನಿಯನ್ನು ಹಿಂಡಿ ಸಣ್ಣದು ಮಾಡಿ ಕಳಿಸುವ ಕೋಡೆಕ್‌ದು. ಕೋಡೆಕ್ ಅಂದರೆ ಈ ತುದಿಯಲ್ಲಿ ದನಿಯನ್ನು ಅಂಕಿಗಳಾಗಿ ಕುಗ್ಗಿಸಿ, ಆ ತುದಿಯಲ್ಲಿ ಮತ್ತೆ ದನಿಯಾಗಿ ಬಿಡಿಸುವ ಸಾಫ್ಟ್‌ವೇರು. ಎರಡೂ ತುದಿಗೆ ಒಂದೇ ಕೋಡೆಕ್ ಗೊತ್ತಿರಬೇಕು. ಹಾಗಾಗಿ ಎರಡರಲ್ಲಿ ಯಾವುದು ಹಳೆಯದೋ ಅದರ ಮಟ್ಟಕ್ಕೆ ಇಡೀ ಕರೆ ಇಳಿಯುತ್ತದೆ. ನೀವು ಲಕ್ಷ ರೂಪಾಯಿ ಫೋನು ಹಿಡಿದಿದ್ದರೂ ಅಷ್ಟೇ.

ಇದನ್ನು ಓದಿ ನಂಬುವುದಕ್ಕಿಂತ ಕಿವಿಯಲ್ಲೇ ಕೇಳಿ ತಿಳಿಯುವುದು ಒಳ್ಳೆಯದು. ಮೊದಲ ಐದು ಹಂತ ಕಂಪ್ಯೂಟರಿನಲ್ಲಿ, ಉಳಿದ ನಾಲ್ಕು ಫೋನಿನಲ್ಲಿ. ಕಂಪ್ಯೂಟರ್ ಇಲ್ಲದವರು ನೇರ 6ನೇ ಹಂತಕ್ಕೆ ಹೋಗಬಹುದು. ಆದರೆ ಆಮೇಲೆ ಬಂದು "ಯಾಕೆ ಹಾಗೆ" ಅಂತ ಕೇಳಬೇಡಿ.

ಏನೇನು ಬೇಕು

ಒಂದು ಕಂಪ್ಯೂಟರು. ವೈರ್ ಇರುವ ಇಯರ್‌ಫೋನು. ಆಡಾಸಿಟಿ ಅನ್ನುವ ತಂತ್ರಾಂಶ, ಇದು ಉಚಿತ. ಅದರ ಜೊತೆಗೆ ಎಫ್‌ಎಫ್‌ಎಂಪೆಗ್ ಅನ್ನುವ ಲೈಬ್ರರಿ, ಇದೂ ಉಚಿತವೇ. ಆಡಾಸಿಟಿಗೆ ಫೋನಿನ ಫೈಲುಗಳನ್ನು ಬರೆಯಲು ಬರುವುದು ಇದರಿಂದ. ಒಂದು ಗಂಟೆ ಬಿಡುವು. ಮತ್ತೆ, ಮಿಕ್ಸರ್ ಓಡದ ಹೊತ್ತು.

ಹಂತ 1: ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ

ಆಡಾಸಿಟಿ ತೆರೆದು ಮೊನೊ ಆರಿಸಿ, ಸ್ಯಾಂಪಲ್ ರೇಟ್ 44,100 ಇಡಿ. ಸ್ಯಾಂಪಲ್ ರೇಟ್ ಅಂದರೆ ಒಂದು ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆದು ಬರೆದುಕೊಳ್ಳುತ್ತದೆ ಅನ್ನುವ ಲೆಕ್ಕ. ಅದರ ಅರ್ಧದಷ್ಟು ಹರ್ಟ್ಸ್‌ವರೆಗಿನ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ) ಕಂಪನ ಮಾತ್ರ ಹಿಡಿಯಲು ಸಾಧ್ಯ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ 30 ಸೆಕೆಂಡು ಮಾತಾಡಿ. ಮೊದಲು ಈ ಮೂರು ಪದ ನಿಧಾನವಾಗಿ ಹೇಳಿ: ಸಾಲು, ಶಾಲು, ಫಾಲು. ಹೌದು, ಸೀರೆಗೆ ಹಾಕಿಸುವ ಫಾಲೇ. ಆಮೇಲೆ ಒಂದರಿಂದ ಹತ್ತು ಎಣಿಸಿ. ಆಮೇಲೆ ಎದುರಿಗಿರುವ ಪೇಪರಿನಿಂದ ನಾಲ್ಕು ಸಾಲು ಓದಿ. ಕೊನೆಗೆ ಮೂರು ಸೆಕೆಂಡು ಸುಮ್ನೆ ಇರಿ.

ಇಲ್ಲಿ ಎಲ್ಲರೂ ಎಡವುವುದು ಬ್ಲೂಟೂತ್ ಇಯರ್‌ಬಡ್‌ನಿಂದ. ಹಾಡು ಕೇಳುವಾಗ ಅದು ಚೆನ್ನಾಗೇ ಇರುತ್ತದೆ. ಆದರೆ ಅದರ ಮೈಕು ಆನ್ ಆದ ತಕ್ಷಣ ಹೆಚ್ಚಿನ ಇಯರ್‌ಬಡ್‌ಗಳು ಕರೆಗಾಗಿಯೇ ಇರುವ ಬೇರೆ ಮೋಡ್‌ಗೆ ಜಾರುತ್ತವೆ. ಅಲ್ಲಿ ಸ್ಯಾಂಪಲ್ ರೇಟ್ 8,000 ಇಲ್ಲವೇ 16,000ಕ್ಕೆ ಬೀಳುತ್ತದೆ. ಪರೀಕ್ಷೆ ಶುರುವಾಗುವ ಮುಂಚೆಯೇ ದನಿ ಕೆಟ್ಟಿರುತ್ತದೆ. ಅದಕ್ಕೇ ವೈರ್ ಇರುವುದು ತನ್ನಿ ಅಂದಿದ್ದು.

ಹಂತ 2: ಹಳೆಯ ಟೆಲಿಫೋನಿನ ಪಟ್ಟಿಗೆ ಇಳಿಸಿ

ಪಟ್ಟಿ ಅಂದರೆ ಇಲ್ಲಿ, ಎಷ್ಟು ಹರ್ಟ್ಸ್‌ನಿಂದ ಎಷ್ಟು ಹರ್ಟ್ಸ್‌ವರೆಗಿನ ಕಂಪನ ದಾಟಿ ಹೋಗುತ್ತದೆ ಅನ್ನುವ ಹರವು. ರೆಕಾರ್ಡ್ ಮಾಡಿದ ಟ್ರ್ಯಾಕನ್ನು ಡೂಪ್ಲಿಕೇಟ್ ಮಾಡಿಕೊಳ್ಳಿ. ಮೂಲವನ್ನು ಮುಟ್ಟಬೇಡಿ. ಪ್ರತಿಯ ಮೇಲೆ ಎಫೆಕ್ಟ್ ಮೆನುವಿನಿಂದ ಲೋ-ಪಾಸ್ ಫಿಲ್ಟರ್ ಹಾಕಿ, 3,400 ಹರ್ಟ್ಸ್ ಕೊಡಿ. ಇದು ಅದಕ್ಕಿಂತ ಮೇಲಿನದ್ದನ್ನು ಕತ್ತರಿಸುತ್ತದೆ. ಆಮೇಲೆ ಹೈ-ಪಾಸ್ ಫಿಲ್ಟರ್, 300 ಹರ್ಟ್ಸ್. ಇದು ಕೆಳಗಿನದ್ದನ್ನು ಕತ್ತರಿಸುತ್ತದೆ.

ಎರಡರಲ್ಲೂ ರೋಲ್-ಆಫ್ ಅನ್ನುವ ಜಾಗದಲ್ಲಿ 48 ಡೆಸಿಬೆಲ್ ಆರಿಸಿ. ಮೊದಲೇ ಅಲ್ಲಿರುವ 6 ಹಾಗೇ ಬಿಟ್ಟರೆ ಫಿಲ್ಟರು ನೆಪಕ್ಕಷ್ಟೇ ಕತ್ತರಿಸುತ್ತದೆ. ನೀವು "ಏನೂ ವ್ಯತ್ಯಾಸ ಇಲ್ವಲ್ಲ" ಅಂತ ಕೂರುತ್ತೀರಿ.

ಈಗ ಕೇಳಿ. ಇದೇ ಆ ಡಬ್ಬಿ ದನಿ. ಇನ್ನೂ ಯಾವ ಕೋಡೆಕ್ಕೂ ಬಂದಿಲ್ಲ, ಬರೀ ಪಟ್ಟಿ ಕಿರಿದಾಗಿದೆ ಅಷ್ಟೇ. ಹಳೆಯ ಲ್ಯಾಂಡ್‌ಲೈನ್ ಕಾಲದಿಂದ ಬಂದ ಪಟ್ಟಿ ಇದು: 300ರಿಂದ 3,400 ಹರ್ಟ್ಸ್. ಅದಕ್ಕೆ ಸೆಕೆಂಡಿಗೆ 8,000 ಸ್ಯಾಂಪಲ್ ಸಾಕು (ಅದರ ಅರ್ಧ 4,000, 3,400ಕ್ಕಿಂತ ಜಾಸ್ತಿಯೇ) ಅಂತ ತೀರ್ಮಾನವಾಯಿತು. 1972ರ ಜಿ.711 ಅನ್ನುವ ಲ್ಯಾಂಡ್‌ಲೈನ್ ಕೋಡೆಕ್ ಒಂದೊಂದು ಸ್ಯಾಂಪಲ್‌ಗೆ 8 ಬಿಟ್ ಕೊಡುತ್ತದೆ. ಗುಣಿಸಿದರೆ ಸೆಕೆಂಡಿಗೆ 64 ಕಿಲೋಬಿಟ್. ಮೊಬೈಲ್ ಬಂದಾಗಲೂ ಅದೇ ಪಟ್ಟಿ ಮುಂದುವರಿಯಿತು.

ಮೂರು ಪದಗಳ ಕಡೆ ಕಿವಿ ಕೊಡಿ. ಶಾಲು ಹೆಚ್ಚುಕಮ್ಮಿ ಹಾಗೇ ಉಳಿದಿರುತ್ತದೆ. ಸಾಲು ಮಾತ್ರ ಸೊರಗಿ ಫಾಲಿನ ಹತ್ತಿರಕ್ಕೆ ಬಂದಿರುತ್ತದೆ. 'ಶ'ದ ಸದ್ದು ಎರಡು, ಮೂರು ಸಾವಿರ ಹರ್ಟ್ಸ್‌ನಲ್ಲೇ ಶುರುವಾಗುತ್ತದೆ. 'ಸ'ದ ಸದ್ದಿನ ಬಹುಪಾಲು 4,000ದ ಮೇಲಿದೆ. ಕತ್ತರಿ ಬಿದ್ದದ್ದು ಅಲ್ಲೇ. ಇಂಗ್ಲಿಷ್ ಅಕ್ಷರ ಹೇಳುವಾಗ "ಎಸ್ಸಾ, ಎಫ್ಫಾ?" ಅಂತ ಕಸ್ಟಮರ್ ಕೇರ್‌ನವರು ಎರಡೆರಡು ಸಲ ಕೇಳುತ್ತಾರಲ್ಲ, ಅವರ ಕಿವಿ ಮಂದ ಅಂತಲ್ಲ.

ಇನ್ನೊಂದು ತಮಾಷೆ. ಗಂಡಸರ ದನಿಯ ಮೂಲ ಕಂಪನ 100ರಿಂದ 150 ಹರ್ಟ್ಸ್ ಆಸುಪಾಸು, ಹೆಂಗಸರದ್ದು 200ರ ಆಸುಪಾಸು. ಎರಡೂ 300ಕ್ಕಿಂತ ಕೆಳಗೆ. ಅಂದರೆ ನೀವು ಈಗ ಕತ್ತರಿಸಿ ಎಸೆದ ಭಾಗದಲ್ಲೇ ಅದಿತ್ತು. ಆದರೂ ಮಾತಾಡುವವರು ಗಂಡಸೋ ಹೆಂಗಸೋ ಅಂತ ಗೊತ್ತಾಗುತ್ತಿದೆ, ಅಲ್ವಾ? ಮೇಲಿನ ಕಂಪನಗಳ ನಡುವಿನ ಅಂತರ ನೋಡಿ ಕೆಳಗಿನದ್ದನ್ನು ಮಿದುಳೇ ತುಂಬಿಕೊಳ್ಳುತ್ತದೆ.

ಹಂತ 3: ಅಗಲದ ಪಟ್ಟಿ ಕೇಳಿ

ಮೂಲದ ಇನ್ನೊಂದು ಪ್ರತಿ ಮಾಡಿ. ಈ ಸಲ ಲೋ-ಪಾಸ್ 7,000, ಹೈ-ಪಾಸ್ 50. ಇದು ಫೋನಿನವರು "ಎಚ್‌ಡಿ ವಾಯ್ಸ್" ಅಂತ ಕರೆಯುವ ಪಟ್ಟಿ. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿ. 'ಸ' ವಾಪಸ್ ಬಂತು, ಎದೆಯ ತೂಕವೂ ಬಂತು. ಮುಂದೆ ಫೋನಿನಲ್ಲಿ ಯಾವ ಕರೆ ಯಾವ ಜಾತಿಯದ್ದು ಅಂತ ಗುರುತಿಸಲು ಈ ವ್ಯತ್ಯಾಸವೇ ಅಳತೆಗೋಲು. ಎರಡು ಮೂರು ಸಲ ಕೇಳಿ ಕಿವಿಗೆ ರೂಢಿ ಮಾಡಿಸಿ.

ಹಂತ 4: ನಿಜವಾದ ಮೊಬೈಲ್ ಕೋಡೆಕ್‌ನಲ್ಲಿ ಹಿಂಡಿ

ಈಗ ಮೂಲ ಟ್ರ್ಯಾಕನ್ನು ಎಎಂಆರ್ ನ್ಯಾರೋ ಬ್ಯಾಂಡ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಎಎಂಆರ್ ಅಂದರೆ ಅಡಾಪ್ಟಿವ್ ಮಲ್ಟಿ-ರೇಟ್. 1990ರ ದಶಕದ ಕೊನೆಯಲ್ಲಿ ಬಂದ, ಇವತ್ತಿಗೂ ಬಳಕೆಯಲ್ಲಿರುವ ಮೊಬೈಲ್ ಕೋಡೆಕ್. ಇದರಲ್ಲಿ ಎಂಟು ಮಟ್ಟಗಳಿವೆ, ಸೆಕೆಂಡಿಗೆ 4.75 ಕಿಲೋಬಿಟ್‌ನಿಂದ 12.2ರವರೆಗೆ. ಈ ಲೆಕ್ಕಕ್ಕೆ ಬಿಟ್ ರೇಟ್ ಅನ್ನುತ್ತಾರೆ. ಸಿಗ್ನಲ್ ಹೇಗಿದೆ ನೋಡಿಕೊಂಡು ನೆಟ್‌ವರ್ಕು ಮಾತಿನ ನಡುವೆಯೇ ಮಟ್ಟ ಬದಲಿಸಬಹುದು. ಒಂದು ಫೈಲು 12.2ರಲ್ಲಿ, ಇನ್ನೊಂದು 4.75ರಲ್ಲಿ ಮಾಡಿ.

ಇಲ್ಲಿ ಎರಡು ಎಚ್ಚರಿಕೆ. ಆಡಾಸಿಟಿ ಎಕ್ಸ್‌ಪೋರ್ಟ್ ಮಾಡುವಾಗ ತೆರೆದಿರುವ ಎಲ್ಲ ಟ್ರ್ಯಾಕನ್ನೂ ಕಲಸಿ ಒಂದು ಮಾಡಿಬಿಡುತ್ತದೆ. ಬೇಡದವನ್ನು ಮ್ಯೂಟ್ ಮಾಡಿ. ಎರಡನೆಯದು, ಎಕ್ಸ್‌ಪೋರ್ಟ್ ಮಾಡಲಿಕ್ಕೇ ಬರದಿದ್ದರೆ ಗಾಬರಿ ಬೇಡ. ಎಲ್ಲ ಎಫ್‌ಎಫ್‌ಎಂಪೆಗ್ ಪ್ರತಿಗಳಲ್ಲೂ ಎಎಂಆರ್ ಫೈಲನ್ನು ಓದುವ ಭಾಗ ಇರುತ್ತದೆ, ಬರೆಯುವ ಭಾಗ ಕೆಲವದರಲ್ಲಿ ಮಾತ್ರ. ಅದರ ಹೆಸರು ಓಪನ್‌ಕೋರ್ ಎಎಂಆರ್. ಅದು ಸೇರಿರುವ ಪ್ರತಿಯನ್ನೇ ಹುಡುಕಿ ಹಾಕಿಕೊಳ್ಳಿ.

ಫೈಲುಗಳ ಗಾತ್ರ ನೋಡಿ. ಅದೇ 30 ಸೆಕೆಂಡನ್ನು ಏನೂ ಹಿಂಡದೆ 8,000 ಸ್ಯಾಂಪಲ್, 16 ಬಿಟ್‌ನಲ್ಲಿ ಇಟ್ಟರೆ 4,80,000 ಬೈಟ್ ಆಗುತ್ತದೆ. 12.2ರ ಫೈಲು ಸುಮಾರು 48,000. ಹತ್ತನೇ ಒಂದು ಪಾಲು. 4.75ರದ್ದು 20,000ಕ್ಕೂ ಸ್ವಲ್ಪ ಕಡಿಮೆ. ನಿಮ್ಮ ಲೆಕ್ಕ ಇದಕ್ಕೆ ತೀರಾ ದೂರ ಇದ್ದರೆ ಎಲ್ಲೋ ತಪ್ಪು ಆಯ್ಕೆ ಒತ್ತಿದ್ದೀರಿ.

ಇಷ್ಟು ಹಿಂಡುವುದು ಹೇಗೆ? ಕೋಡೆಕ್ ನಿಮ್ಮ ದನಿಯನ್ನು ಕಳಿಸುವುದೇ ಇಲ್ಲ. ನಿಮ್ಮ ಗಂಟಲು, ಬಾಯಿ ಆ ಕ್ಷಣ ಹೇಗಿತ್ತು ಅಂತ ವರದಿ ಕಳಿಸುತ್ತದೆ. ಮಾತನ್ನು 20 ಮಿಲಿಸೆಕೆಂಡಿನ ತುಂಡು ಮಾಡುತ್ತದೆ. ಇದಕ್ಕೆ ಫ್ರೇಮ್ ಅನ್ನುತ್ತಾರೆ. ಸೆಕೆಂಡಿಗೆ 50 ಫ್ರೇಮ್. 12.2ರ ಮಟ್ಟದಲ್ಲಿ ಒಂದು ಫ್ರೇಮಿಗೆ ಸಿಗುವುದು 244 ಬಿಟ್. ಅದನ್ನು ಹೇಗೆ ಹಂಚುತ್ತದೆ ನೋಡಿ: ಬಾಯಿಯ ಆಕಾರಕ್ಕೆ 38 ಬಿಟ್. ಗಂಟಲು ಯಾವ ಶ್ರುತಿಯಲ್ಲಿ ಕಂಪಿಸುತ್ತಿದೆ ಅನ್ನುವುದಕ್ಕೆ 30, ಅದು ಎಷ್ಟು ಜೋರು ಅನ್ನುವುದಕ್ಕೆ 16. ಇವೆರಡರಿಂದ ವಿವರಿಸಲಾಗದೆ ಉಳಿದ ಚೂರುಪಾರಿಗೆ 140, ಅದರ ಜೋರಿಗೆ 20. ಕೂಡಿಸಿದರೆ 244.

ಈಗ 4.75ರ ಫೈಲು ಕೇಳಿ. ಮಾತು ಅರ್ಥವಾಗುತ್ತದೆ, ಆದರೆ ದನಿ ಒರಟು, ಗೊಗ್ಗರು. ಅಲ್ಲಿ ಫ್ರೇಮಿಗೆ 95 ಬಿಟ್ ಮಾತ್ರ. ಬಾಯಿಯ ಆಕಾರಕ್ಕೆ 23 ಉಳಿಸಿಕೊಂಡಿದ್ದಾರೆ, ಶ್ರುತಿಗೆ 20. ಚೂರುಪಾರಿಗೆ ಇದ್ದ 140 ಬಿಟ್ ಬರೀ 36ಕ್ಕೆ ಇಳಿದಿದೆ. ಕತ್ತರಿ ಬಿದ್ದದ್ದು ಅಲ್ಲೇ ಜಾಸ್ತಿ. ಒಬ್ಬರ ದನಿಯನ್ನು ಇನ್ನೊಬ್ಬರದ್ದಕ್ಕಿಂತ ಬೇರೆ ಮಾಡುವ ಸೂಕ್ಷ್ಮಗಳು ಬಹಳಷ್ಟು ಆ ಚೂರಿನಲ್ಲೇ ಇರುತ್ತವೆ. ಅದಕ್ಕೇ ಏನು ಹೇಳಿದರು ಅಂತ ತಿಳಿಯುತ್ತದೆ, ಯಾರು ಹೇಳಿದರು ಅಂತ ಥಟ್ಟನೆ ಹೊಳೆಯುವುದಿಲ್ಲ.

ಈ ವಿದ್ಯೆಗೆ ಬೆಂಗಳೂರಿನ ನಂಟಿದೆ. ಚೂರುಪಾರಿಗೆ ಸರಿಹೊಂದುವ ಮಾದರಿಯನ್ನು ಒಂದು ಯಾದಿಯಿಂದ ಹುಡುಕಿ, ಅದರ ಕ್ರಮಸಂಖ್ಯೆ ಮಾತ್ರ ಕಳಿಸುವ ಉಪಾಯಕ್ಕೆ ಸೆಲ್ಪ್ ಅನ್ನುತ್ತಾರೆ. ಅದನ್ನು 1985ರಲ್ಲಿ ಮುಂದಿಟ್ಟವರು ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ ಮತ್ತು ಬಿಷ್ಣು ಅಟಲ್. ಅಟಲ್ ಓದಿದ್ದು, ಆಮೇಲೆ ಕೆಲವು ವರ್ಷ ಪಾಠ ಮಾಡಿದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆಗ ಒಂದು ಸೆಕೆಂಡಿನ ಮಾತನ್ನು ಹೀಗೆ ಹಿಂಡಲು ಕ್ರೇ-1 ಸೂಪರ್ ಕಂಪ್ಯೂಟರಿಗೆ ಎರಡು ನಿಮಿಷಕ್ಕೂ ಜಾಸ್ತಿ ಬೇಕಾಗಿತ್ತಂತೆ. ಈಗ ಅದೇ ಜಾತಿಯ ಲೆಕ್ಕವನ್ನು ಸಾವಿರ ರೂಪಾಯಿಯ ಕೀಪ್ಯಾಡ್ ಫೋನು ನೀವು ಮಾತಾಡುತ್ತಿದ್ದ ಹಾಗೇ ಮಾಡುತ್ತದೆ.

ಹಂತ 5: ಶ್ರುತಿ ಪೆಟ್ಟಿಗೆ ಹಾಕಿ ನೋಡಿ

ಇನ್ನೊಂದು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ 20 ಸೆಕೆಂಡು ರೆಕಾರ್ಡ್ ಮಾಡಿ, 4.75ಕ್ಕೆ ಇಳಿಸಿ. ತಂಬೂರಿ ನೀರಿನಲ್ಲಿ ಮುಳುಗೆದ್ದಂತೆ ಗುಳುಗುಳು ಅನ್ನುತ್ತದೆ. ಕೋಡೆಕ್‌ಗೆ ಗೊತ್ತಿರುವುದು ಒಂದು ಗಂಟಲು, ಒಂದು ಶ್ರುತಿ. ನಾಲ್ಕು ತಂತಿ ಒಟ್ಟಿಗೆ ನುಡಿದರೆ ಅದು ಯಾವುದನ್ನು ಹಿಡಿಯಬೇಕು ತಿಳಿಯದೆ ಒದ್ದಾಡುತ್ತದೆ. ಕಾಲ್ ಹೋಲ್ಡ್‌ನಲ್ಲಿಟ್ಟಾಗ ಬರುವ ಹಾಡು ಕರ್ಕಶವಾಗಿರುವುದಕ್ಕೂ, ಮದುವೆ ಮನೆಯಿಂದ ಫೋನ್ ಮಾಡಿದರೆ ವಾಲಗದ ನಡುವೆ ಮಾತು ಕಲಸಿಹೋಗುವುದಕ್ಕೂ ಇದೇ ಮುಖ್ಯ ಕಾರಣ.

ಅಮೆರಿಕದಲ್ಲೋ ದುಬೈನಲ್ಲೋ ಕೂತು ಮೈಸೂರಿನ ಮೇಷ್ಟ್ರ ಹತ್ತಿರ ಸಂಗೀತ ಕಲಿಯುವವರಿಗೆ ಒಂದು ಮಾತು. ಸಾದಾ ಫೋನ್ ಕಾಲ್‌ನಲ್ಲಿ ಪಾಠ ಬೇಡವೇ ಬೇಡ. ವಿಡಿಯೊ ಕರೆಯ ಆ್ಯಪ್‌ಗಳಲ್ಲೂ ಹಿನ್ನೆಲೆ ಸದ್ದು ತೆಗೆಯುವ ಸೌಲಭ್ಯ ಆನ್ ಇದ್ದರೆ, ಒಂದೇ ಸಮನೆ ಬರುವ ತಂಬೂರಿಯನ್ನು ಫ್ಯಾನಿನ ಸದ್ದು ಅಂದುಕೊಂಡು ಒರೆಸಿಹಾಕುತ್ತದೆ. ಜೂಮ್‌ನಲ್ಲಿ ಸಂಗೀತಗಾರರಿಗಾಗಿ "ಒರಿಜಿನಲ್ ಸೌಂಡ್" ಅನ್ನುವ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಳ್ಳಿ.

ಹಂತ 6: ಫೋನಿನಲ್ಲಿ ವೋಲ್ಟಿ ಆನ್ ಇದೆಯಾ ನೋಡಿ

ಕಿವಿ ಪಳಗಿತು. ಈಗ ಫೋನು ಕೈಗೆತ್ತಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಅಥವಾ ಸಿಮ್ ಅನ್ನುವ ಕಡೆ ಹೋಗಿ. ವೋಲ್ಟಿ, 4ಜಿ ಕಾಲಿಂಗ್, ಎಚ್‌ಡಿ ಕಾಲಿಂಗ್, ಈ ಪೈಕಿ ಯಾವುದೋ ಒಂದು ಹೆಸರಿನ ಸ್ವಿಚ್ ಇರುತ್ತದೆ. ಆನ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಮಾಡಬೇಕು. ಬಹಳ ಜನ ಇಲ್ಲೇ ತಪ್ಪುತ್ತಾರೆ.

ವೋಲ್ಟಿ ಅಂದರೆ ಮಾತನ್ನೂ 4ಜಿಯ ಡೇಟಾ ದಾರಿಯಲ್ಲೇ ಕಳಿಸುವ ವಿಧಾನ. ಅಗಲದ ಪಟ್ಟಿಯ ಎಎಂಆರ್ ವೈಡ್‌ಬ್ಯಾಂಡ್ ಕೋಡೆಕ್ ನಮ್ಮಲ್ಲಿ ಮನೆಮನೆಗೆ ತಲುಪಿದ್ದು ಇದರ ಜೊತೆ. ಆ ಕೋಡೆಕ್ 2001ರಷ್ಟು ಹಳೆಯದು. 6.6ರಿಂದ 23.85 ಕಿಲೋಬಿಟ್‌ವರೆಗೆ ಒಂಬತ್ತು ಮಟ್ಟ ಇದೆ, ಸ್ಯಾಂಪಲ್ ರೇಟ್ 16,000. ಅದರ 12.65ರ ಮಟ್ಟವನ್ನು ನೀವು ಮಾಡಿದ 12.2ರ ಜೊತೆ ಹೋಲಿಸಿ. ಖರ್ಚು ಹೆಚ್ಚುಕಮ್ಮಿ ಅಷ್ಟೇ, ಪಟ್ಟಿ ಮಾತ್ರ ಎರಡರಷ್ಟು. 2014ರಲ್ಲಿ ಇವಿಎಸ್ ಅನ್ನುವ ಇನ್ನೂ ಹೊಸದು ಬಂತು, ಅದು 20,000 ಹರ್ಟ್ಸ್‌ವರೆಗೂ ಹೋಗಬಲ್ಲದು. ಎರಡೂ ಫೋನು ಮತ್ತು ನಡುವಿನ ನೆಟ್‌ವರ್ಕು ಒಪ್ಪಿದರೆ ಮಾತ್ರ ಅದು ಸಿಗುತ್ತದೆ.

ಹಂತ 7: ಕರೆ ನಡೆಯುವಾಗ ಪರದೆಯ ಮೇಲ್ಭಾಗ ಗಮನಿಸಿ

ಯಾರಿಗಾದರೂ ಕರೆ ಮಾಡಿ, ಸ್ಪೀಕರಿಗೆ ಹಾಕಿ, ಪರದೆಯ ಮೇಲ್ಭಾಗ ನೋಡಿ. 4ಜಿ ಅಥವಾ 5ಜಿ ಗುರುತು ಹಾಗೇ ಇದ್ದರೆ ಸರಿ. ಕರೆ ಹತ್ತಿದ ತಕ್ಷಣ ಅದು ಮಾಯವಾಗಿ 'ಇ' ಅಥವಾ 'ಎಚ್' ಬಂದರೆ ಫೋನು ಹಳೆಯ 2ಜಿ, 3ಜಿಗೆ ಜಾರಿದೆ. 2ಜಿಯಲ್ಲಿ ಸಾಮಾನ್ಯವಾಗಿ ಸಿಗುವುದು ಕಿರಿದಾದ ಪಟ್ಟಿಯೇ. ಜಾತ್ರೆ, ರಥೋತ್ಸವದಂಥ ಕಡೆ ಇನ್ನೂ ಕೆಡುತ್ತದೆ. 2ಜಿಯಲ್ಲಿ ಜಾಗ ಸಾಲದಿದ್ದಾಗ ಒಬ್ಬರ ಪಾಲಿನ ರೇಡಿಯೊ ಹೊತ್ತನ್ನು ಇಬ್ಬರಿಗೆ ಹಂಚುವ ಹಾಫ್ ರೇಟ್ ಅನ್ನುವ ಏರ್ಪಾಡಿದೆ. ದನಿಗೆ ಸಿಗುವ ಬಿಟ್ಟೂ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ.

ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಪ್ಯಾಡಿನಲ್ಲಿ *#*#4636#*#* ಒತ್ತಿದರೆ ಪರೀಕ್ಷೆಯ ಮೆನು ತೆರೆಯುತ್ತದೆ, ಅಲ್ಲಿ ಮಾತು ಯಾವ ನೆಟ್‌ವರ್ಕ್ ಮೇಲಿದೆ ಅಂತ ತೋರಿಸುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ಇದು ತೆರೆಯಲ್ಲ. ತೆರೆದರೆ ಬರೀ ನೋಡಿ, ಏನನ್ನೂ ಬದಲಿಸಬೇಡಿ. ಅಲ್ಲಿನ ರೇಡಿಯೊ ಸ್ವಿಚ್ಚನ್ನೋ ನೆಟ್‌ವರ್ಕ್ ಆಯ್ಕೆಯನ್ನೋ ಬದಲಿಸಿ ಸಿಗ್ನಲ್ಲೇ ಹೋಯ್ತು ಅಂತ ಪರದಾಡಿದವರು ಇದ್ದಾರೆ.

ಹಾಗೆಯೇ, ಕಾಲ್ ರೆಕಾರ್ಡಿಂಗ್ ಕೇಳಿ ಕರೆಯ ಗುಣಮಟ್ಟ ಅಳೆಯಬೇಡಿ. ಕರೆ ಅಗಲದ ಪಟ್ಟಿಯಲ್ಲಿದ್ದರೂ ಕೆಲವು ರೆಕಾರ್ಡರ್‌ಗಳು ಅದನ್ನು 8,000 ಸ್ಯಾಂಪಲ್‌ನ ಎಎಂಆರ್ ಫೈಲಾಗಿಯೇ ಉಳಿಸುತ್ತವೆ. ಒಮ್ಮೆ ಹಿಂಡಿದ ಕಬ್ಬನ್ನು ಮತ್ತೆ ಗಾಣಕ್ಕೆ ಕೊಟ್ಟ ಹಾಗೆ.

ಹಂತ 8: ಬೇರೆ ಬೇರೆ ಜೋಡಿ ಮಾಡಿ ಹೋಲಿಸಿ

ಮೊದಲು ನಿಮ್ಮದೇ ಕಂಪನಿಯ ಸಿಮ್ ಇರುವ, 4ಜಿ ಫೋನಿನವರಿಗೆ ಕರೆ ಮಾಡಿ. ಅವರಿಂದ ಸಾಲು, ಶಾಲು, ಫಾಲು ಹೇಳಿಸಿ. ಆಮೇಲೆ ಬೇರೆ ಕಂಪನಿಯ ಸಿಮ್ಮಿನವರಿಗೆ. ಆಮೇಲೆ ಲ್ಯಾಂಡ್‌ಲೈನಿಗೆ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಕೆಟ್ಟರೆ ಅಡ್ಡಿ ಇರುವುದು ಎರಡು ನೆಟ್‌ವರ್ಕುಗಳ ನಡುವಿನ ಕೊಂಡಿಯಲ್ಲೋ ಆ ತುದಿಯಲ್ಲೋ. ಮೂರೂ ಕೆಟ್ಟರೆ ನಿಮ್ಮ ತುದಿ.

ನಿಮ್ಮ ತುದಿಯೇ ಆದರೆ ಬ್ಲೂಟೂತ್ ಕಳಚಿ ನೋಡಿ. ಕಾರಿನ ಬ್ಲೂಟೂತ್ ಹಳೆಯದಾದರೆ ಎಚ್‌ಡಿ ಕರೆಯನ್ನೂ 8,000ಕ್ಕೆ ಇಳಿಸುತ್ತದೆ. ಫೋನಿನ ಕವರ್ ತೆಗೆದು ನೋಡಿ. ಮೇಲ್ತುದಿಯಲ್ಲಿ ಸದ್ದು ಕಡಿಮೆ ಮಾಡಲು ಎರಡನೇ ಮೈಕು ಇರುತ್ತದೆ, ಅಗ್ಗದ ಕವರು ಅದರ ತೂತು ಮುಚ್ಚಿಬಿಡುತ್ತದೆ. ಮಲೆನಾಡಿನ ತೋಟದ ಮನೆಯಂತೆ ಟವರ್ ದೂರ, ಆದರೆ ಮನೆಗೆ ಬ್ರಾಡ್‌ಬ್ಯಾಂಡ್ ಇದೆ ಅನ್ನುವವರು ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ಆಗಲೂ ಕರೆ ನಿಮ್ಮ ಸಿಮ್ ಕಂಪನಿಯದ್ದೇ, ಅಗಲದ ಕೋಡೆಕ್ಕೂ ಸಿಗುತ್ತದೆ.

ವಾಟ್ಸಾಪ್ ಕರೆ ಚೆನ್ನಾಗಿ ಕೇಳುವುದು ಎರಡೂ ತುದಿಯಲ್ಲಿ ಅದೇ ಆ್ಯಪ್, ಅದೇ ಹೊಸ ಕೋಡೆಕ್ ಇರುವುದರಿಂದ. ನಡುವೆ ಹಳೆಯ ಕೊಂಡಿ ಯಾವುದೂ ಬರುವುದಿಲ್ಲ. ಆದರೆ ವೋಲ್ಟಿ ಕರೆಗೆ ನೆಟ್‌ವರ್ಕು ಪ್ರತ್ಯೇಕ ದಾರಿ ಕಾಯ್ದಿರಿಸಿ ಕೊಡುತ್ತದೆ. ವಾಟ್ಸಾಪ್ ಉಳಿದ ಡೇಟಾ ಜೊತೆ ಗುಂಪಿನಲ್ಲಿ ನುಗ್ಗಬೇಕು. ಬಸ್ಸಿನಲ್ಲಿ ಹೋಗುವಾಗ ನಾನಂತೂ ವೋಲ್ಟಿಯನ್ನೇ ನಂಬುತ್ತೇನೆ.

ಹಂತ 9: ಆ ಕಡೆಯವರದ್ದು 2ಜಿ ಕೀಪ್ಯಾಡ್ ಫೋನಾದರೆ

ನಿಮ್ಮ ಕಡೆ ಏನು ಮಾಡಿದರೂ ಪ್ರಯೋಜನವಿಲ್ಲ, ಕರೆ ಕಿರಿದಾದ ಪಟ್ಟಿಯಲ್ಲೇ ನಡೆಯುತ್ತದೆ. ವೋಲ್ಟಿ ಇರುವ 4ಜಿ ಕೀಪ್ಯಾಡ್ ಫೋನುಗಳು ಸಿಗುತ್ತವೆ, ಟಚ್ ಪರದೆ ಬೇಡ ಅನ್ನುವ ಅಜ್ಜಿಗೂ ಸರಿಹೋಗುತ್ತವೆ. ಕೊಳ್ಳುವಾಗ ಡಬ್ಬಿಯ ಮೇಲೆ ವೋಲ್ಟಿ ಅಂತ ಬರೆದಿದೆಯಾ ನೋಡಿ. ಅವರ ಸಿಮ್ಮು ಹಳೆಯದಾದರೆ ಅದನ್ನೂ 4ಜಿ ಸಿಮ್‌ಗೆ ಬದಲಿಸಬೇಕು, ನಂಬರ್ ಅದೇ ಇರುತ್ತದೆ.

ಅಲ್ಲಿಯವರೆಗೆ ಅಕೌಂಟ್ ನಂಬರು, ಮಾತ್ರೆಯ ಹೆಸರು ಹೇಳುವಾಗ ಒಂದೊಂದೇ ಅಂಕಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿ. 'ಸ' ಬಂದ ಕಡೆ "ಸಕ್ಕರೆಯ ಸ" ಅನ್ನಿ. ಟಿವಿ ಆರಿಸಿಕೊಂಡು ಮಾತಾಡಿ, ಪಾಪ ಆ ಕೋಡೆಕ್‌ಗೆ ಎರಡು ದನಿ ಒಟ್ಟಿಗೆ ಹಿಡಿಯಲು ಬರಲ್ಲ.